ಬುಗುರಿ ಅಲುಗದೆ ಕೂತಿದ್ದು

ಅವಳಿಗೆ ಬುಗುರಿ ಎಂದು ಹೆಸರಿಟ್ಟವನು ಅವಳ ಅಣ್ಣ. ಚಿಕ್ಕಂದಿನಲ್ಲಿ ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲಿಗೆ ಓಡುತ್ತಿದ್ದಳಂತೆ. ಬೀದಿಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿಕೊಂಡು ಬಂದು ಮತ್ತೆ ಎರಡು ತುತ್ತು. "ಇವಳಿಗೆ ಚಾಟಿ ಸುತ್ತಿ ಬಿಟ್ಟೋರು ಯಾರು?" ಎಂದು ಅಣ್ಣ ನಕ್ಕಿದ್ದ. ಹೆಸರು ಅಂಟಿಕೊಂಡಿತು. ಮದುವೆಯಾಗಿ, ಮಗಳು ಹುಟ್ಟಿ, ಗಂಡ ತೀರಿಕೊಂಡು, ಕಿವಿಯ ಮೇಲೆ ಬಿಳಿಗೂದಲು ಇಣುಕಿದ ಮೇಲೂ ಬೀದಿಗೆಲ್ಲ ಅವಳು ಬುಗುರಿಯೇ.

ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ ಸಿಕ್ಕಿತ್ತು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಕೊಡುವ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವುದು ಅವಳ ಕೆಲಸ. ಉದ್ದನೆಯ ಕೋಣೆ, ಅದರ ತುಂಬ ಹಬೆ, ನಡುವೆ ದಪ್ಪ ಕಂಬಳಿ ಹೊದಿಸಿದ ದೊಡ್ಡ ಮೇಜು. ಉಳಿದವರು ಮೇಜಿನ ಒಂದೊಂದು ಬದಿಗೆ ನಿಂತು ಕೆಲಸ ಮಾಡಿದರೆ ಬುಗುರಿ ಮೇಜನ್ನೇ ಸುತ್ತುತ್ತಿದ್ದಳು. ಈ ತುದಿಯಲ್ಲಿ ಚಾದರ ಎಳೆದು, ಆ ತುದಿಗೆ ಹೋಗಿ ಮಡಚಿ, ಬರುವ ದಾರಿಯಲ್ಲಿ ದಿಂಬಿನ ಗವಸೊಂದನ್ನು ಕೊಡವಿ, ನಡುವೆ ಯಾರದೋ ಕಾಲೆಳೆದು ನಗಿಸಿ, ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿಯುತ್ತಿದ್ದಳು. "ನೀನು ನಡೆದಿದ್ದನ್ನೆಲ್ಲ ಒಂದೇ ಕಡೆಗೆ ನಡೆದಿದ್ರೆ ಇಷ್ಟೊತ್ತಿಗೆ ಸಮುದ್ರ ಮುಟ್ಟಿರ್ತಿದ್ದೆ," ಎನ್ನುತ್ತಿದ್ದರು ಲಾಂಡ್ರಿಯ ಯಜಮಾನರು.

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡಿಗೆಮನೆ. ಕಿಟಕಿಯ ಕಟ್ಟೆಯ ಮೇಲೆ ಕಲ್ಲುಗಳ ಸಾಲು. ಅವು ಮಗಳವು. ಬೇರೆ ಮಕ್ಕಳು ಗೊಂಬೆಗೆ ಹಟ ಮಾಡುವ ವಯಸ್ಸಿನಲ್ಲಿ ಆ ಹುಡುಗಿ ಜೇಬಿನ ತುಂಬ ಕಲ್ಲು ತುಂಬಿಕೊಂಡು ಬರುತ್ತಿದ್ದಳು. ಒಂದರಲ್ಲಿ ಹೊಳೆಯುವ ಚೂರಿದೆ, ಇನ್ನೊಂದರಲ್ಲಿ ಕೆಂಪು ಗೆರೆಯಿದೆ, ಮತ್ತೊಂದು ನೀರಿನಲ್ಲಿ ಅದ್ದಿದರೆ ಬಣ್ಣ ಬದಲಿಸುತ್ತದೆ. ಬಟ್ಟೆ ಒಗೆಯುವಾಗ ಬುಗುರಿ ಜೇಬು ತಡಕಿ, ಸಿಕ್ಕಿದ ಕಲ್ಲನ್ನು ತೊಳೆದು, ಒರೆಸಿ, ಕಿಟಕಿಯಲ್ಲಿ ಇಡುತ್ತಿದ್ದಳು. ಒಂದನ್ನೂ ಬಿಸಾಡಿದವಳಲ್ಲ.

ಹೀಗಾಗಿ ಮಗಳು ಶಾಲೆ ಮುಗಿಸಿ, ಒಳ್ಳೆಯ ಅಂಕ ತೆಗೆದು, "ಅಮ್ಮ, ಭೂವಿಜ್ಞಾನಕ್ಕೆ ಸೀಟು ಸಿಕ್ತು," ಎಂದಾಗ ಬುಗುರಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಫೀಸು ಕೇಳಿದಾಗ. ಅಂಕ ನೋಡಿ ಕಾಲೇಜಿನವರು ಅರ್ಧ ಬಿಟ್ಟಿದ್ದರು, ನಿಜ. ಉಳಿದ ಅರ್ಧ, ಪ್ರಯೋಗಾಲಯದ ಖರ್ಚು, ಗುಡ್ಡಬೆಟ್ಟ ಸುತ್ತುವ ಪ್ರವಾಸಗಳ ಖರ್ಚು, ಎಲ್ಲ ಸೇರಿದರೆ ಅವಳ ಸಂಬಳ ಅದರ ಮೊಣಕಾಲಿಗೂ ಬರುತ್ತಿರಲಿಲ್ಲ.

"ಬೇಡ ಬಿಡಮ್ಮ," ಎಂದಳು ಮಗಳು. "ಬೇರೆ ಏನಾದ್ರೂ ಓದ್ತೀನಿ. ಖರ್ಚು ಕಮ್ಮಿ ಇರೋದು."

"ನಿನ್ನನ್ನ ಕೇಳಿದ್ನಾ?" ಎಂದಳು ಬುಗುರಿ. "ಓದೋದು ನಿನ್ನ ಕೆಲ್ಸ. ಉಳಿದಿದ್ದು ನನ್ನದು."

ಹೇಳುವುದೇನೋ ಹೇಳಿದಳು. ಮರುದಿನದಿಂದ ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದಳು. ಬ್ಯಾಂಕಿನ ಮ್ಯಾನೇಜರು ಒಳ್ಳೆಯವರೇ. ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡು, ಕೊನೆಗೆ ಆಸ್ತಿಯಿರುವ ಒಬ್ಬರು ಜಾಮೀನು ನಿಂತರೆ ಮಾತ್ರ ಸಾಲ ಎಂದರು. ಬಡ ಮಕ್ಕಳಿಗೆ ಸಹಾಯ ಮಾಡುವ ಒಂದು ಸಂಸ್ಥೆಯವರು, ತಾವು ವೈದ್ಯಕೀಯ ಓದುವವರಿಗೆ ಮಾತ್ರ ಕೊಡುವುದೆಂದರು. "ನನ್ನ ಮಗಳು ಭೂಮಿಗೇ ವೈದ್ಯೆ ಆಗ್ತಾಳೆ," ಎಂದು ಬುಗುರಿ ಹೇಳಿದ್ದಕ್ಕೆ ಅವರು ನಕ್ಕರು, ಹಣ ಮಾತ್ರ ಬಿಚ್ಚಲಿಲ್ಲ. ಲಾಂಡ್ರಿ ಯಜಮಾನರು ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುವ ಮಾತಿನ ಮೇಲೆ ಮುಂಗಡ ಕೊಟ್ಟರು. ಮೊದಲ ಕಂತು ಹಾಗೆ ಹೋಯಿತು. ಮುಂದಿನದಕ್ಕೆ ಜಾಮೀನು ಬೇಕೇ ಬೇಕಿತ್ತು. ಆಸ್ತಿ ಎನ್ನುವುದು ಅವಳ ಕಡೆಯವರಲ್ಲಿ ಇದ್ದದ್ದು ಒಬ್ಬನಿಗೆ, ಅಣ್ಣನಿಗೆ.

ಅಣ್ಣನಿಗೆ ಪೈಪು, ನಲ್ಲಿಗಳ ಅಂಗಡಿಯಿತ್ತು. ಹಿಂದುಗಡೆ ಗೋದಾಮು. ಗಿರಾಕಿಗಳ ನಡುವೆಯೇ ತಂಗಿಯ ಮಾತು ಕೇಳಿದ.

"ಕಲ್ಲು ಓದ್ತಾಳಾ? ಕಲ್ಲಲ್ಲಿ ಓದೋಕೆ ಏನಿದೆ? ಬೀದೀಲಿ ಬೇಕಾದಷ್ಟು ಬಿದ್ದಿವೆ, ಬಿಟ್ಟಿಯಾಗೇ ನೋಡ್ಲಿ."

"ಭೂಮಿ ಒಳಗೆ ಏನಿದೆ ಅಂತ ಓದೋದು, ಅಣ್ಣ. ನೀರೆಲ್ಲಿದೆ, ಗುಡ್ಡ ಎಲ್ಲಿ ಕುಸಿಯುತ್ತೆ ಅಂತ."

"ಆಮೇಲೆ ಕೆಲ್ಸ ಯಾರು ಕೊಡ್ತಾರೆ? ಗುಡ್ಡ ಕೊಡುತ್ತಾ? ನೋಡು, ಜಾಮೀನು ಅಂದ್ರೆ ನನ್ನ ಕುತ್ತಿಗೇನ ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ಆಗಲ್ಲ ಕಣೇ. ಅವಳನ್ನ ನನ್ನ ಅಂಗಡಿಗೆ ಕಳಿಸು, ಕ್ಯಾಶಲ್ಲಿ ಕೂರಿಸ್ತೀನಿ."

ಬುಗುರಿ ಅಣ್ಣನ ಮುಖವನ್ನು ಒಂದು ಕ್ಷಣ ನೋಡಿ, "ಆಯ್ತು, ಬರ್ತೀನಿ," ಎಂದು ಎದ್ದಳು. ಜಗಳವಾಡಲಿಲ್ಲ. ಆದರೆ ಆ ದಿನ ಬಸ್ಸು ಹತ್ತದೆ, ಮನೆಯವರೆಗೂ ದುಡುದುಡು ನಡೆದಳು.

ಲಾಂಡ್ರಿಯಿಂದ ಪೇಟೆಯ ಚಿತ್ರಕಲಾ ಕಾಲೇಜಿಗೂ ಆಗಾಗ ಬಟ್ಟೆ ಹೋಗುತ್ತಿತ್ತು. ಹೂಜಿ, ಹಣ್ಣು, ಬಾಟಲಿಗಳನ್ನು ಜೋಡಿಸಿ ಚಿತ್ರ ಬರೆಯುವಾಗ ಹಿಂದೆ ಇಳಿಬಿಡಲು ಬಿಳಿ ಬಟ್ಟೆ. ಸಾಮಾನು ಸಾಗಿಸುವವನು ರಜೆಯ ಮೇಲಿದ್ದ ಒಂದು ಮಧ್ಯಾಹ್ನ ಗಂಟು ಹೊತ್ತು ಬುಗುರಿಯೇ ಹೋದಳು. ಎತ್ತರದ ಕಿಟಕಿಗಳ ದೊಡ್ಡ ಕೋಣೆ. ಗೋಡೆಗೆಲ್ಲ ಇದ್ದಿಲಿನ ಮಸಿ. ಹುಡುಗ ಹುಡುಗಿಯರು ಮರದ ಚೌಕಟ್ಟುಗಳ ಮುಂದೆ ಕೈಕಟ್ಟಿ ನಿಂತಿದ್ದರು. ನಡುವಿನ ಹಲಗೆಯ ಕಟ್ಟೆಯ ಮೇಲೆ ಒಂದು ಕುರ್ಚಿ ಖಾಲಿಯಿತ್ತು. ಅಲ್ಲಿ ಕೂರಬೇಕಾಗಿದ್ದ ಮುದುಕ ಹುಷಾರಿಲ್ಲವೆಂದು ಹೇಳಿ ಕಳಿಸಿದ್ದ.

ಪಾಠ ಹೇಳುವ ಮೇಡಂ ಬುಗುರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಟ್ಟಿ ಗಲ್ಲ, ಹಬೆಗೆ ಕಂದಿದ ಕೆನ್ನೆ, ಗಂಟುಬಿದ್ದ ಬೆರಳುಗಳು.

"ಅಮ್ಮ, ಒಂದು ಗಂಟೆ ಇಲ್ಲಿ ಕೂತ್ಕೋತೀರಾ? ಸುಮ್ನೆ ಕೂತ್ಕೊಂಡ್ರೆ ಸಾಕು. ಇವರು ನಿಮ್ಮ ಚಿತ್ರ ಬರೀತಾರೆ. ಕಾಲೇಜು ದುಡ್ಡು ಕೊಡುತ್ತೆ."

"ಸುಮ್ನೆ ಕೂತಿದ್ದಕ್ಕೆ ದುಡ್ಡಾ?" ಎಂದಳು ಬುಗುರಿ. "ಎಷ್ಟು?"

ಮೇಡಂ ಹೇಳಿದರು. ಲಾಂಡ್ರಿಯಲ್ಲಿ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ನಿಂತರೂ ಅಷ್ಟು ಹುಟ್ಟುತ್ತಿರಲಿಲ್ಲ. ಬುಗುರಿ ಗಂಟನ್ನು ಮೂಲೆಗಿಟ್ಟು, ಕೈ ಒರೆಸಿಕೊಂಡು ಕಟ್ಟೆ ಹತ್ತಿದಳು.

ಆ ಒಂದು ಗಂಟೆಯ ಕಥೆಯನ್ನು ಅವಳೇ ಮುಂದೆ ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು. ಕೂತ ತಕ್ಷಣ ಮೂಗು ತುರಿಸಿತು. ಮೂಗಿನ ಕೆಲಸ ಮುಗಿಯಿತೆನ್ನುವಷ್ಟರಲ್ಲಿ ಕಿಟಕಿಯಾಚೆ ಯಾರೋ ಕೂಗಿದರು, ಕುತ್ತಿಗೆ ತಾನಾಗಿ ತಿರುಗಿತು. ಮುಂದಿನ ಸಾಲಿನ ಹುಡುಗನ ಅಂಗಿಯ ಗುಂಡಿ ಕಿತ್ತುಬರುವ ಹಾಗಿತ್ತು. ಅದನ್ನು ಅವನಿಗೆ ಹೇಳಿದಳು. ಬಿಳಿ ಬಟ್ಟೆಯನ್ನು ಯಾರೋ ಸೊಟ್ಟಗೆ ತೂಗುಹಾಕಿದ್ದರು. ಎದ್ದು ಹೋಗಿ ಸರಿಮಾಡಿ ಬಂದಳು. ಹುಡುಗರು ಇದ್ದಿಲು ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತರು.

"ಅಮ್ಮ, ನಿಮಗೆ ಇದುವರೆಗೆ ಯಾವಾಗ್ಲಾದ್ರೂ ಕೂತು ಅಭ್ಯಾಸ ಇದೆಯಾ?" ಎಂದರು ಮೇಡಂ.

"ಇಲ್ಲ," ಎಂದಳು ಬುಗುರಿ ನೇರವಾಗಿ. "ಆದ್ರೆ ಕಲೀತೀನಿ. ಇನ್ನೊಂದು ಸಲ ಕರೀರಿ."

ಅವಳ ದನಿಯಲ್ಲಿ ಏನು ಕಂಡಿತೋ, ಮೇಡಂ ಮುಂದಿನ ವಾರಕ್ಕೆ ಬರಹೇಳಿದರು.

ಆ ವಾರವೆಲ್ಲ ಮನೆಯಲ್ಲಿ ಅಭ್ಯಾಸ. ಲಾಂಡ್ರಿಯಿಂದ ಬಂದವಳೇ ಕುರ್ಚಿ ಎಳೆದುಕೊಂಡು ಗೋಡೆಗೆ ಮುಖಮಾಡಿ ಕೂರುತ್ತಿದ್ದಳು. ಮಗಳು ಪುಸ್ತಕ ಹಿಡಿದು ಪಕ್ಕದಲ್ಲಿ.

"ಅಮ್ಮ, ಕಾಲು ಕುಣೀತಿದೆ."

"ಗೊತ್ತು."

"ಈಗ ತಲೆ."

"ನೀನು ಮಾತಾಡಿಸಿದ್ದಕ್ಕೇ ತಿರುಗಿದ್ದು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗುವಿನ ನಡುವೆಯೇ ಅವಳಿಗೆ ದಾರಿ ಸಿಕ್ಕಿತು. ಮೈ ಸುಮ್ಮನಿರಬೇಕಾದರೆ ಮನಸ್ಸಿಗೆ ಕೆಲಸ ಕೊಡಬೇಕು. ಗೋಡೆಯ ಒಂದು ಕಲೆಯನ್ನು ದಿಟ್ಟಿಸುತ್ತ, ಒಳಗೊಳಗೇ ಲಾಂಡ್ರಿಗೆ ಹೋದಳು. ಚಾದರ ಎಳೆದಳು, ನೀರು ಚಿಮುಕಿಸಿದಳು, ಅಂಚಿಗೆ ಅಂಚು ಕೂಡಿಸಿದಳು, ಇಸ್ತ್ರಿಪೆಟ್ಟಿಗೆಯನ್ನು ಈ ತುದಿಯಿಂದ ಆ ತುದಿಗೆ ಸರಿಸಿದಳು. ಒಂದಾದ ಮೇಲೆ ಒಂದು. ಮಗಳು "ಅಮ್ಮ" ಎಂದು ಎರಡು ಸಲ ಕರೆದಳು; ಬುಗುರಿಯ ರೆಪ್ಪೆ ಬಿಟ್ಟರೆ ಬೇರೇನೂ ಅಲುಗಲಿಲ್ಲ. ಮೂರನೆಯ ಸಲ ಮಗಳು ಹೆದರಿ ಹತ್ತಿರ ಬಂದಳು.

"ತಡಿಯೇ, ಹೋಟೆಲಿನ ಗಂಟು ಇನ್ನೂ ಮುಗಿದಿಲ್ಲ," ಎಂದಳು ಬುಗುರಿ.

ಮುಂದಿನ ವಾರ ಅವಳು ಕೂತ ರೀತಿಗೆ ಮೇಡಂ ಬೆರಗಾದರು. ಗಂಟೆ ಮುಗಿದು ಎಬ್ಬಿಸಿದಾಗ ಒಂದು ಕಾಲು ಮರಗಟ್ಟಿ, ಇಬ್ಬರು ಹುಡುಗಿಯರು ಹಿಡಿದುಕೊಂಡು ಕೆಳಗಿಳಿಸಬೇಕಾಯಿತು. ಅದೂ ಕೆಲಸವೇ ಎಂದು ಅವಳಿಗೆ ಆಗ ತಿಳಿಯಿತು. ಬೆನ್ನು ಹಿಡಿಯುತ್ತದೆ, ಕುತ್ತಿಗೆ ಬಿಗಿಯುತ್ತದೆ, ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳುವಂತಿಲ್ಲ. ಬಿಟ್ಟಿ ದುಡ್ಡಲ್ಲ ಎಂದು ಗೊತ್ತಾದ ಮೇಲೆ ಅದನ್ನು ತೆಗೆದುಕೊಳ್ಳುವ ಅವಳ ಕೈ ಇನ್ನಷ್ಟು ನೆಟ್ಟಗಾಯಿತು.

ಹುಡುಗರು ಬರೆದದ್ದನ್ನು ಆ ದಿನ ಮೊದಲ ಬಾರಿ ಸುತ್ತಾಡಿ ನೋಡಿದಳು. ಒಂದರಲ್ಲಿ ಅವಳಿಗೆ ಕತ್ತೇ ಇರಲಿಲ್ಲ. ಇನ್ನೊಂದರಲ್ಲಿ ಪೊಲೀಸಿನವಳ ಹಾಗಿದ್ದಳು. ಗುಂಗುರು ಕೂದಲಿನ ಹುಡುಗಿಯೊಬ್ಬಳು ಮಾತ್ರ ತನ್ನ ಹಾಳೆಯನ್ನು ಮೈಯಿಂದ ಮರೆಮಾಡಿ ನಿಂತಿದ್ದಳು.

"ತೋರ್ಸು ಪುಟ್ಟಿ."

"ಬೇಡ ಅಮ್ಮ. ಸುಕ್ಕು ಜಾಸ್ತಿ ಬರೆದುಬಿಟ್ಟಿದ್ದೀನಿ. ಅಳಿಸ್ತೀನಿ."

ಬುಗುರಿ ಅವಳನ್ನು ಪಕ್ಕಕ್ಕೆ ಸರಿಸಿ ನೋಡಿದಳು. ತುಂಬ ಹೊತ್ತು ನೋಡಿದಳು. ಕನ್ನಡಿಯಲ್ಲಿ ಅವಳು ಮುಖ ನೋಡಿಕೊಳ್ಳುತ್ತಿದ್ದದ್ದು ತಲೆ ಬಾಚುವಷ್ಟು ಹೊತ್ತು, ಅದೂ ಅವಸರದಲ್ಲಿ. ಹಣೆಯ ಮೇಲೆ ಇಷ್ಟು ಗೆರೆಗಳಿವೆಯೆಂದು ಗೊತ್ತಿರಲಿಲ್ಲ. ಕಣ್ಣು ಇಷ್ಟು ದೊಡ್ಡದೆಂದೂ ಗೊತ್ತಿರಲಿಲ್ಲ.

"ಅಳಿಸ್ಬೇಡ," ಎಂದಳು. "ಅಷ್ಟೂ ನಾನು ದುಡಿದು ಮಾಡ್ಕೊಂಡಿರೋದು. ಒಂದು ಗೆರೆ ತೆಗೆದ್ರೂ ಮುಂದಿನ ವಾರ ಬರಲ್ಲ ನೋಡು."

ಅಂದಿನಿಂದ ಆ ತರಗತಿಗೆ ಅವಳು ಅಮ್ಮನಾದಳು. ವಾರಕ್ಕೆ ಒಂದು ಮಧ್ಯಾಹ್ನವಿದ್ದದ್ದು ಮೂರಾಯಿತು. ಲಾಂಡ್ರಿ ಯಜಮಾನರನ್ನು ಕೇಳಿ, ನಸುಕಿಗೇ ಬಂದು ಬೇಗ ಹೊರಡುವ ಏರ್ಪಾಡು ಮಾಡಿಕೊಂಡಳು. "ಕೂತಿದ್ದಕ್ಕೆ ದುಡ್ಡು ಕೊಡೋ ಜಾಗ ಇದ್ರೆ ನನಗೂ ಒಂದು ಕುರ್ಚಿ ನೋಡಮ್ಮ," ಎಂದರು ಅವರು. "ನಿಮ್ಮ ಹೊಟ್ಟೆ ಒಂದೇ ಹಾಳೇಲಿ ಹಿಡಿಯಲ್ಲ ಯಜಮಾನ್ರೇ," ಎಂದಳು ಬುಗುರಿ. ಹಬೆಯ ಕೋಣೆಯೆಲ್ಲ ಗೊಳ್ಳೆಂದಿತು. ಎರಡನೆಯ ಕಂತು ಹೋಯಿತು, ಮೂರನೆಯದೂ ಹೋಯಿತು. ಮಗಳು ಮೊದಲ ಪ್ರವಾಸಕ್ಕೆ ಗಟ್ಟಿ ಬೂಟು, ಸುತ್ತಿಗೆ, ಭೂತಗನ್ನಡಿ ಕೊಂಡಳು.

ಇಂಥ ಸುದ್ದಿ ಬಚ್ಚಿಟ್ಟರೂ ನಿಲ್ಲುವಂಥದ್ದಲ್ಲ. ಬುಗುರಿ ಬಚ್ಚಿಟ್ಟಿರಲೂ ಇಲ್ಲ. ಒಂದು ದಿನ ಪೈಪು ಕೊಳ್ಳಲು ಬಂದ ಗಿರಾಕಿಯೊಬ್ಬ ಅಣ್ಣನಿಗೆ, "ನಿಮ್ಮ ತಂಗಿ ಹುಡುಗರ ಮುಂದೆ ಗಂಟೆಗಟ್ಟಲೆ ಕೂತಿರ್ತಾರಂತಲ್ಲ, ನೋಡಿಸಿಕೊಳ್ಳೋಕೆ?" ಎಂದ. ಅಣ್ಣ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಸೀದಾ ಸೈಕಲ್ ಅಂಗಡಿಯ ಮೇಲಿನ ಮನೆಗೆ ಬಂದ. ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವನ ಸಿಟ್ಟು ಕೇಳಿಸುತ್ತಿತ್ತು.

"ಏನೇ ಇದು? ತಲೆ ಎತ್ಕೊಂಡು ಓಡಾಡೋ ಹಾಗಿಲ್ವಾ ನಾನು?"

ಬುಗುರಿ ತರಕಾರಿ ಹೆಚ್ಚುತ್ತಿದ್ದಳು. "ಏನಾಯ್ತು?"

"ಮಾನ ಹರಾಜಾಗ್ತಿದೆ. ದುಡ್ಡಿಗೋಸ್ಕರ ಹೋಗಿ ಅಲ್ಲಿ..."

"ಅಲ್ಲಿ ಏನು? ಪೂರ್ತಿ ಹೇಳು." ಬುಗುರಿ ಚಾಕು ಕೆಳಗಿಟ್ಟಳು. "ದಿನಾ ಹಾಕೋ ಬಟ್ಟೇಲಿ ಕುರ್ಚಿ ಮೇಲೆ ಕೂತಿರ್ತೀನಿ, ಅಣ್ಣ. ನೀನು ಅಂಗಡೀಲಿ ಕೂತ ಹಾಗೆ. ನಿನ್ನನ್ನ ನೋಡಿದ್ರೆ ಯಾರೂ ದುಡ್ಡು ಕೊಡಲ್ಲ, ನನಗೆ ಕೊಡ್ತಾರೆ. ಅದರಲ್ಲಿ ಮಾನ ಹೋಗೋದೇನಿದೆ?"

"ಮಾತು ಕಲ್ತಿದ್ದೀಯ."

"ಮಾತು ಮೊದಲಿಂದ್ಲೂ ಇತ್ತು. ನಿನ್ನ ಅಂಗಡೀಲಿ ಜಾಮೀನು ಕೇಳಿದ ದಿನ ನುಂಗಿಕೊಂಡಿದ್ದೆ." ಅವಳ ದನಿ ಏರಲಿಲ್ಲ. "ಯಾರೋ ಹೇಳಿದ್ದು ಕೇಳಿ ಮೆಟ್ಟಿಲು ಹತ್ಕೊಂಡು ಬಂದ್ಯಲ್ಲ, ನಾಳೆ ಮಧ್ಯಾಹ್ನ ಬಾ. ನಿನ್ನ ಕಣ್ಣಲ್ಲೇ ನೋಡು. ಆಮೇಲೂ ಬೇಡ ಅನ್ನಿಸಿದ್ರೆ ಆಗ ಮಾತಾಡೋಣ."

ಅಣ್ಣ ಬರುವುದಿಲ್ಲ ಎಂದುಕೊಂಡಿದ್ದಳು. ಬಂದ. ಒಗೆದ ಅಂಗಿ ತೊಟ್ಟು, ಮುಖ ಗಂಟಿಕ್ಕಿಕೊಂಡು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ. ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದ. ಆದರೆ ಜಗಳವಾಡಲು ಅಲ್ಲಿ ಯಾರೂ ಸಿಗಲಿಲ್ಲ. ಕೋಣೆಯಲ್ಲಿ ಹಾಳೆಯ ಮೇಲೆ ಇದ್ದಿಲು ಸರಿಯುವ ಸರಸರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಟ್ಟೆಯ ಮೇಲೆ ಅವನ ತಂಗಿ, ಮಡಿಲಲ್ಲಿ ಕೈಯಿಟ್ಟುಕೊಂಡು, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದಳು. ಇಷ್ಟು ಮಂದಿ ಮಕ್ಕಳು ಒಮ್ಮೆ ಅವಳನ್ನು, ಒಮ್ಮೆ ತಮ್ಮ ಹಾಳೆಯನ್ನು ನೋಡುತ್ತ, ಪರೀಕ್ಷೆ ಬರೆಯುವವರ ಹಾಗೆ ಮುಳುಗಿಹೋಗಿದ್ದರು. ಹುಟ್ಟಿದಾಗಿನಿಂದ ಒಂದು ಕಡೆ ನಿಲ್ಲದ ತಂಗಿ ಹೀಗೆ ಕೂತದ್ದನ್ನು ಅಣ್ಣ ನೋಡಿಯೇ ಇರಲಿಲ್ಲ.

ವಿರಾಮದಲ್ಲಿ ಅವನು ಎದ್ದು, ಹಿಂದೆ ಕೈಕಟ್ಟಿಕೊಂಡು, ಹಾಳೆಯಿಂದ ಹಾಳೆಗೆ ನಡೆದ. ಗುಂಗುರು ಕೂದಲಿನ ಹುಡುಗಿಯ ಹಾಳೆಯ ಮುಂದೆ ನಿಂತುಬಿಟ್ಟ. ಬುಗುರಿ ಕಾಲು ನೀವಿಕೊಳ್ಳುತ್ತ ಪಕ್ಕಕ್ಕೆ ಬಂದಳು.

"ಅಮ್ಮ," ಎಂದ ಅಣ್ಣ, ಹಾಳೆಯನ್ನೇ ನೋಡುತ್ತ.

ಅವರ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಆಕೆಯದು ಒಂದು ಫೋಟೋ ಕೂಡ ಇರಲಿಲ್ಲ. ಹಾಳೆಯಲ್ಲಿದ್ದದ್ದು ಬುಗುರಿಯೇ, ಸಂಶಯವಿಲ್ಲ. ಆದರೆ ಆ ಗಲ್ಲ, ಕೆಳಗಿಳಿದ ರೆಪ್ಪೆ, ಒಂದರ ಮೇಲೊಂದು ಇಟ್ಟ ಕೈಗಳು ಎಲ್ಲ ತಾಯಿಯವೇ. ಅಣ್ಣ ಮೂಗು ಒರೆಸಿಕೊಂಡ. ಮಸಿ ಕಣ್ಣಿಗೆ ಹೋಯಿತು ಎಂದ. ಆಮೇಲೆ ಆ ಹುಡುಗಿಯ ಕಡೆಗೆ ತಿರುಗಿ, "ಇದನ್ನ ನನಗೆ ಕೊಡ್ತೀಯಾಮ್ಮ? ದುಡ್ಡು ಕೊಟ್ಟು ತಗೋತೀನಿ," ಎಂದು ಕೇಳಿದ. ಅಂಗಡಿಯಲ್ಲಿ ಕ್ಯಾಶ್ ಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಈಗಲೂ ಅದು ಇದೆ.

ಹೊರಬಂದ ಮೇಲೆ, "ಜಾಮೀನಿಗೆ ಸಹಿ ಹಾಕ್ತೀನಿ ಕಣೇ," ಎಂದ.

"ಈಗ ಬೇಡ ಬಿಡು. ನಡೀತಿದೆ," ಎಂದಳು ಬುಗುರಿ. ಹಾಗೆ ಹೇಳುವಾಗ ಅವಳಿಗಾದ ಹಿಗ್ಗು ಇಷ್ಟೆಂದು ಹೇಳಲಾಗದು.

ಆದರೆ ಮಗಳ ಕೊನೆಯ ವರ್ಷದಲ್ಲಿ ನಡೆಯುತ್ತಿದ್ದದ್ದು ನಿಂತಿತು. ಚಿತ್ರಕಲಾ ಕಾಲೇಜಿಗೆ ಹೊಸ ಆಡಳಿತ ಬಂದು, ಕೂರುವವರಿಗೆ ಕೊಡುವ ಹಣ ದಂಡವೆಂದಿತು. ಇನ್ನು ಮುಂದೆ ಹುಡುಗರು ಫೋಟೋ ನೋಡಿ ಬರೆದರೆ ಸಾಕಂತೆ. ಮೇಡಂ ವಾದ ಮಾಡಿ ಸೋತು ಬಂದು ಬುಗುರಿಯ ಎದುರು ಕೂತರು. ಅವರ ಮುಖ ನೋಡಿ ಬುಗುರಿಯೇ ಅವರಿಗೆ ಸಮಾಧಾನ ಹೇಳಬೇಕಾಯಿತು.

ಎರಡು ಕಂತು ಬಾಕಿಯಿತ್ತು. ಬೇಡವೆಂದು ಬಿಟ್ಟ ಜಾಮೀನನ್ನು ಈಗ ಹೋಗಿ ಕೇಳಲು ಬುಗುರಿಗೆ ಮನಸ್ಸಾಗಲಿಲ್ಲ. ಮಗಳು ಅಂದು ಸಂಜೆ ಪುಸ್ತಕ ಮುಚ್ಚಿ, "ಅಮ್ಮ, ಫೋನಿನ ಅಂಗಡೀಲಿ ಕೆಲ್ಸ ಇದೆ. ಒಂದು ವರ್ಷ ಮಾಡಿ, ಆಮೇಲೆ ಮುಗಿಸ್ತೀನಿ," ಎಂದಳು.

"ಮುಗಿಸಲ್ಲ," ಎಂದಳು ಬುಗುರಿ.

"ಮುಗಿಸ್ತೀನಮ್ಮ. ನಿನ್ನ ಕಾಲು ನೋಡು, ಹೇಗೆ ಊದಿದೆ. ನಾನು ಕ್ಲಾಸಲ್ಲಿ ಕೂತಾಗೆಲ್ಲ ನೀನು ಅಲ್ಲಿ ಕೂತಿರೋದೇ ಕಣ್ಣಿಗೆ ಬರುತ್ತೆ."

"ಬರ್ಲಿ. ಬಂದಾಗ ಇನ್ನೂ ಚೆನ್ನಾಗಿ ಓದು. ನಾನು ಅಲ್ಲಿ ಅಳ್ಕೊಂಡು ಕೂತಿರ್ತೀನಿ ಅಂದ್ಕೊಂಡಿದ್ದೀಯಾ? ನನ್ನ ಮಗಳು ಇಷ್ಟೊತ್ತಿಗೆ ಯಾವ ಗುಡ್ಡ ಹತ್ತುತ್ತಿರಬಹುದು ಅಂತ ಯೋಚನೆ ಮಾಡ್ತಾ ಕೂತಿರ್ತೀನಿ. ಅದನ್ನ ಕಿತ್ಕೋಬೇಡ." ಮಗಳು ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದಳು. ಆ ಮಾತು ಅಲ್ಲಿಗೇ ನಿಂತಿತು. ಫೋನಿನ ಅಂಗಡಿಯ ಸುದ್ದಿ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಕೆಲವು ದಿನಗಳಲ್ಲೇ ಗುಂಗುರು ಕೂದಲಿನ ಹುಡುಗಿ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಲಾಂಡ್ರಿಯ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಲಕೋಟೆ. ತರಗತಿಯವರೆಲ್ಲ ಸೇರಿಸಿದ ಹಣವಂತೆ.

ಬುಗುರಿ ಅದನ್ನು ಮುಟ್ಟಲಿಲ್ಲ. "ನಿಮ್ಮ ಮನಸ್ಸು ದೊಡ್ಡದು ಮಕ್ಕಳೇ. ಆದ್ರೆ ನಾನು ಕೂರದೆ ದುಡ್ಡು ತಗೊಳ್ಳಲ್ಲ."

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು ಹುಡುಗಿ. "ಕಾಲೇಜು ಬೇಡ ಅಂದ್ರೆ ಏನಂತೆ? ಭಾನುವಾರ ನಾವೇ ಸೇರ್ತೀವಿ. ಊರಲ್ಲಿ ಚಿತ್ರ ಬರೆಯೋರು ಎಷ್ಟು ಜನ ಇದ್ದಾರೆ, ಎಲ್ಲರನ್ನೂ ಕರೀತೀವಿ. ಬಂದೋರು ದುಡ್ಡು ಕೊಟ್ಟು ಬರೀಲಿ. ಒಂದು ದೊಡ್ಡ ಜಾಗ ಬೇಕು, ಅಷ್ಟೇ."

ಬುಗುರಿ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಯಜಮಾನರಿಗೆ ಹೇಳಿ, ಅಣ್ಣನ ಅಂಗಡಿಗೆ ಹೊರಟಳು. ಈ ಸಲ ಬಸ್ಸು ಹತ್ತಿದಳು.

"ಅಣ್ಣ, ನಿನ್ನ ಗೋದಾಮು ಭಾನುವಾರ ಬೇಕು. ಬಾಡಿಗೆ ಎಷ್ಟು ಹೇಳು."

"ನಿನ್ನ ಹತ್ರ ಬಾಡಿಗೆ ತಗೋತೀನಾ?"

"ತಗೋಬೇಕು. ಇಲ್ಲಾಂದ್ರೆ ಬೇರೆ ಕಡೆ ನೋಡ್ತೀನಿ."

ಅಣ್ಣನಿಗೆ ತಂಗಿಯ ಮುಖಭಾವ ಅರ್ಥವಾಯಿತು. ಹೇಳಬೇಕೆಂದು ಒಂದು ಬಾಡಿಗೆ ಹೇಳಿದ. "ಇಷ್ಟು ಕಮ್ಮಿಗೆ ಕೋಳಿಗೂಡೂ ಸಿಗಲ್ಲ," ಎಂದು ಅವಳು ಅದನ್ನು ಏರಿಸಿದಳು. ಅವನು ಇಳಿಸಿದ. ಗಿರಾಕಿಗಳು ಅಲ್ಲಿಯವರೆಗೆ ನೋಡಿರದ ಚೌಕಾಸಿ ಅದು.

ಶನಿವಾರ ಅಣ್ಣನೇ ಪೈಪುಗಳನ್ನು ಒಂದು ಬದಿಗೆ ಪೇರಿಸಿ, ನೆಲ ತೊಳೆಸಿ, ಮೇಲಿನ ಕಿಟಕಿಗಳ ಧೂಳು ಒರೆಸಿಸಿದ. ಮೊದಲ ಭಾನುವಾರ ಹತ್ತಿಪ್ಪತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದರು. ಕಾಲೇಜಿನ ಹುಡುಗರು, ಮೇಡಂ, ಒಬ್ಬ ಹಲ್ಲಿನ ಡಾಕ್ಟರು, ಬೋರ್ಡು ಬರೆಯುವವರು, ನಿವೃತ್ತ ಪೋಸ್ಟ್‌ಮಾಸ್ಟರು, ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು, ಹೀಗೆ ಗೋದಾಮು ತುಂಬಿ ಕೆಲವರು ಪೈಪಿನ ರಾಶಿಯ ಮೇಲೆ ಕೂತರು. ಬಾಗಿಲಲ್ಲಿ ಹಣ ತೆಗೆದುಕೊಳ್ಳಲು ನಿಂತವನು ಅಣ್ಣ. ಬಂದವರಿಗೆಲ್ಲ, ಕೇಳಲಿ ಬಿಡಲಿ, "ಒಳಗೆ ಕೂತಿರೋದು ನನ್ನ ತಂಗಿ," ಎಂದು ಹೇಳುತ್ತಿದ್ದ. ಎದೆ ಮುಂದೆ, ಹೊಟ್ಟೆ ಅದಕ್ಕಿಂತ ಮುಂದೆ. ಒಂದು ವಾರ ಎಲ್ಲರೂ ಒತ್ತಾಯ ಮಾಡಿ ಅವನನ್ನೇ ಕುರ್ಚಿಗೆ ಹತ್ತಿಸಿದರು. ಮೀಸೆ ತಿರುವಿ ಗಂಭೀರವಾಗಿ ಕೂತವನು, ಮೂಗಿನ ಮೇಲೆ ನೊಣ ಕೂತಿದ್ದೇ ತಡ, ಸೀನಿ, ಕೆಮ್ಮಿ, ಎದ್ದು ಓಡಿದ. "ಇದು ನನ್ನಿಂದಾಗಲ್ಲಪ್ಪ," ಎಂದ ಎಲ್ಲರ ಮುಂದೆ. "ಇವಳಿಂದಲೇ ಸರಿ."

ಕೊನೆಯ ಕಂತಿನ ಹಣವನ್ನು ಬುಗುರಿ ಮಗಳ ಕೈಲಿ ಕಳಿಸಲಿಲ್ಲ. ತಾನೇ ಹೋದಳು. ಮಗಳ ಕಾಲೇಜಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಕಾರಿಡಾರಿನ ಗಾಜಿನ ಕಪಾಟುಗಳಲ್ಲಿ ಇಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ನೋಡುತ್ತ ನಿಧಾನವಾಗಿ ನಡೆದಳು. ಹಣ ಕಟ್ಟಿ ರಸೀದಿ ತೆಗೆದುಕೊಂಡು, ಕೌಂಟರಿನ ಹುಡುಗ "ಮುಗೀತಮ್ಮ, ಇನ್ನೇನೂ ಬಾಕಿ ಇಲ್ಲ," ಎಂದಾಗ, "ಇನ್ನೊಂದು ಸಲ ಹೇಳಪ್ಪ," ಎಂದಳು. ಅವನು ಹೇಳಿದ. ಪಕ್ಕದಲ್ಲಿದ್ದ ಮಗಳು ಅಮ್ಮನ ಕೈ ಹಿಡಿದುಕೊಂಡಳು. ಇಬ್ಬರೂ ಗೇಟಿನವರೆಗೆ ಬಂದು, ಎದುರಿನ ಹೋಟೆಲಿನಲ್ಲಿ ಎರಡೆರಡು ಲೋಟ ಚಹಾ ಕುಡಿದರು.

ಮಗಳು ಒಳ್ಳೆಯ ದರ್ಜೆಯಲ್ಲಿ ಪಾಸಾದಳು. ನೆಲದಡಿಯ ನೀರು ಎಲ್ಲಿದೆಯೆಂದು ಹುಡುಕಿ ಹೇಳುವ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ತಿಂಗಳ ಸಂಬಳ ಬಂದಾಗ, "ಇನ್ನು ಎರಡೂ ಕೆಲ್ಸ ಬಿಡಮ್ಮ," ಎಂದಳು.

ಬುಗುರಿ ಯೋಚಿಸಿ ಲಾಂಡ್ರಿ ಬಿಟ್ಟಳು. ಕುರ್ಚಿ ಬಿಡಲಿಲ್ಲ. "ಇಷ್ಟು ದಿನ ನಿನಗೋಸ್ಕರ ಕೂತೆ. ಈಗ ನನಗೋಸ್ಕರ. ಅಲ್ಲಿ ಕೂತಾಗ ಎಷ್ಟು ಹಾಯಾಗಿರುತ್ತೆ ಅಂತ ನಿನಗೇನು ಗೊತ್ತು?" ಎಂದಳು. ಲಾಂಡ್ರಿಯ ಇನ್ನಿಬ್ಬರು ಹೆಂಗಸರಿಗೂ ಕೂರುವುದನ್ನು ಕಲಿಸಿದಳು. ಒಬ್ಬಳ ಮಗ ಈಗ ಶಿಕ್ಷಕನಾಗುವ ತರಬೇತಿಯಲ್ಲಿದ್ದಾನೆ. ಭಾನುವಾರದ ಗೋದಾಮಿನ ಸುದ್ದಿ ಹಬ್ಬಿ, ಚಿತ್ರಕಲಾ ಕಾಲೇಜಿನವರೇ ಮತ್ತೆ ಕರೆದರು. ಮೊದಲಿಗಿಂತ ಹೆಚ್ಚು ಕೊಟ್ಟರೆ ಮಾತ್ರ ಬರುವುದೆಂದು ಬುಗುರಿ ಹೇಳಿಕಳಿಸಿದಳು. ಕೊಟ್ಟರು.

ಮಗಳು ಅಮ್ಮ ಕೂತದ್ದನ್ನು ಮನೆಯಲ್ಲಲ್ಲದೆ ಬೇರೆಲ್ಲೂ ನೋಡಿರಲಿಲ್ಲ. ಓದುವಾಗ ಭಾನುವಾರಗಳೆಲ್ಲ ಪುಸ್ತಕಕ್ಕೆ ಹೋಗಿದ್ದವು. ಒಂದು ಭಾನುವಾರ ಯಾರಿಗೂ ಹೇಳದೆ, ಹಾಳೆ, ಪೆನ್ಸಿಲು ಹಿಡಿದು ಗೋದಾಮಿಗೆ ಬಂದಳು. ಬಾಗಿಲಲ್ಲಿ ಮಾವ ಕೈ ಚಾಚಿದ.

"ಮಾವ, ನಾನು!"

"ಕಾಣಿಸ್ತಿದೆ. ದುಡ್ಡಿಡು. ಒಳಗಿರೋಳು ಗೊತ್ತಲ್ಲ, ಬಿಟ್ಟಿ ಬಿಟ್ರೆ ನನ್ನ ಕಿವಿ ಹಿಂಡ್ತಾಳೆ."

ಮಗಳು ನಗುತ್ತ ಹಣ ಕೊಟ್ಟು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಮೇಲಿನ ಕಿಟಕಿಯಿಂದ ಬೆಳಕು ಇಳಿದು ಅಮ್ಮನ ಭುಜದ ಮೇಲೆ ನಿಂತಿತ್ತು. ಪೆನ್ಸಿಲು ಹಿಡಿದವಳಿಗೆ ಬಹಳ ಹೊತ್ತು ಒಂದು ಗೆರೆಯೂ ಎಳೆಯಲಾಗಲಿಲ್ಲ. ಆಮೇಲೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು.

ಮುಗಿದ ಮೇಲೆ ಬುಗುರಿ ಕಾಲು ಝಾಡಿಸಿಕೊಂಡು ಕೆಳಗಿಳಿದು, ಎಂದಿನಂತೆ ಸಾಲಿನಿಂದ ಸಾಲಿಗೆ ಬಂದು, ಕೊನೆಯಲ್ಲಿ ಮಗಳನ್ನು ಕಂಡಳು. ಹಾಳೆ ಕೈಗೆ ತೆಗೆದುಕೊಂಡಳು. ಒಂದು ಕಿವಿ ಹಣೆಯ ಹತ್ತಿರವಿತ್ತು, ಕುರ್ಚಿಗೆ ಮೂರೇ ಕಾಲು.

"ಇದು ನಾನಾ?"

"ಹೂಂ ಅಮ್ಮ. ಅಷ್ಟೇ ಬಂದಿದ್ದು."

ಬುಗುರಿ ಪಕ್ಕದಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರಿಗೆ ಹಾಳೆ ತೋರಿಸಿದಳು. "ನನ್ನ ಮಗಳು ಬರೆದಿದ್ದು. ಭೂವಿಜ್ಞಾನ ಓದಿದ್ದಾಳೆ." ಮೇಡಂಗೂ ತೋರಿಸಿದಳು. ಬಾಗಿಲವರೆಗೆ ಹೋಗಿ ಅಣ್ಣನಿಗೂ ತೋರಿಸಿ ಬಂದಳು. ಮಗಳು ನಾಚಿ ಕಸಿದುಕೊಳ್ಳಲು ಬಂದರೆ ಕೊಡಲಿಲ್ಲ.

"ಮುಂದಿನ ವಾರಾನೂ ಬರ್ತೀಯಾ?" ಎಂದಳು.

"ಬರ್ತೀನಿ."

"ಹಾಗಾದ್ರೆ ಬೇಗ ಬಾ. ಮುಂದಿನ ಸಾಲು ಬೇಗ ತುಂಬಿಹೋಗುತ್ತೆ."